ಪೋರ್ಚುಗಲ್‌ಗೆ 10 ದಿನ: ಒಂಬತ್ತು ಊರು ಬೇಡ, ಮೂರು ಊರಲ್ಲಿ ತಂಗಿ

ಪ್ರಶ್ನೆ: ಮೇ ಕೊನೆಯಲ್ಲಿ ನಾನು, ನನ್ನ ಗಂಡ ಮತ್ತು ಅತ್ತೆ ಪೋರ್ಚುಗಲ್‌ಗೆ ಹೊರಟಿದ್ದೇವೆ. ಒಟ್ಟು 10 ದಿನ, 9 ರಾತ್ರಿ. ಅತ್ತೆಗೆ 68 ವರ್ಷ. ಚೆನ್ನಾಗಿ ನಡೆಯುತ್ತಾರೆ, ಆದರೆ ಮೆಟ್ಟಿಲು ಹತ್ತಿದರೆ ಮೊಣಕಾಲು ನೋವು. ಮೂವರೂ ಸಸ್ಯಾಹಾರಿಗಳು, ಮೊಟ್ಟೆ ನಾನೊಬ್ಬಳು ತಿನ್ನುತ್ತೇನೆ. ಏಜೆಂಟರು ಕೊಟ್ಟ ಪಟ್ಟಿ ಹೀಗಿದೆ: ಲಿಸ್ಬನ್, ಸಿಂಟ್ರಾ ಅರ್ಧ ದಿನ, ಎವೊರಾ, ಲಾಗೋಸ್, ಓಬಿಡೋಸ್, ನಜರೆಯ ದೊಡ್ಡ ಅಲೆಗಳು, ಫಾತಿಮಾ, ಕೊಯಿಂಬ್ರಾ, ಪೋರ್ಟೊ. ನೋಡಲೇಬೇಕಾದ ಊರು, ಕೋಟೆ, ನಿಸರ್ಗದ ಜಾಗ ಯಾವುವು? ಬಾಡಿಗೆ ಕಾರು ಬೇಕಾ? (ಮೈಸೂರಿನ ಓದುಗರೊಬ್ಬರು)

ಉತ್ತರ: ಏಜೆಂಟರ ಪಟ್ಟಿಯಲ್ಲಿ ಕೆಟ್ಟ ಜಾಗ ಒಂದೂ ಇಲ್ಲ. ಎಲ್ಲವನ್ನೂ 10 ದಿನಕ್ಕೆ ತುರುಕಿದ್ದೇ ತಪ್ಪು. ಪೋರ್ಚುಗಲ್ ಕರ್ನಾಟಕದ ಅರ್ಧದಷ್ಟೂ ಇಲ್ಲ, ನಿಜ. ಭೂಪಟ ನೋಡಿದರೆ ಎಲ್ಲವೂ ಪಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಆದರೆ ಲಾಗೋಸ್ ದಕ್ಷಿಣದ ತುದಿ, ಪೋರ್ಟೊ ಉತ್ತರದಲ್ಲಿದೆ. ಒಂಬತ್ತು ಊರು ಅಂದರೆ ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟುವುದು, ಮಧ್ಯಾಹ್ನ ಬಸ್ಸಲ್ಲಿ ತೂಕಡಿಸುವುದು, ಸಂಜೆ ಪೆಟ್ಟಿಗೆ ಬಿಚ್ಚುವುದು. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದಾಗ ಇದು ಪ್ರವಾಸವಲ್ಲ, ಮನೆ ಬದಲಾಯಿಸುವ ಕೆಲಸ.

ಮೊದಲು ನಜರೆಯನ್ನು ಹೊಡೆದು ಹಾಕಿ. ನೀವು ವಿಡಿಯೊದಲ್ಲಿ ನೋಡಿರುವ ಆ ದೈತ್ಯ ಅಲೆಗಳು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದ ಸರಕು. ದಡದ ಹತ್ತಿರವೇ ಸಮುದ್ರದ ತಳದಲ್ಲಿ ಆಳವಾದ ಕಣಿವೆಯಿದೆ. ಅಟ್ಲಾಂಟಿಕ್‌ನ ಚಳಿಗಾಲದ ಬಿರುಗಾಳಿ ಎಬ್ಬಿಸಿದ ಅಲೆ ಆ ಕಣಿವೆಯಲ್ಲಿ ಸಾಗಿ ಬಂದು ದಡದ ಹತ್ತಿರ ಒಮ್ಮೆಲೇ ಮೇಲೇಳುತ್ತದೆ. 2020ರ ಅಕ್ಟೋಬರ್‌ನಲ್ಲಿ ಒಬ್ಬ ಜರ್ಮನ್ ಸರ್ಫರ್ ಸವಾರಿ ಮಾಡಿದ ಅಲೆ 26.21 ಮೀಟರ್ ಎತ್ತರವಿತ್ತು ಎಂದು ಗಿನ್ನೆಸ್ ದಾಖಲೆ. ಮೇ ತಿಂಗಳಲ್ಲಿ ಹೋದರೆ ನಿಮಗೆ ಸಿಗುವುದು ಛತ್ರಿ ಹಾಕಿಕೊಂಡು ಮಲಗಿದ ಜನ ಮತ್ತು ಸಾಧಾರಣ ಸಮುದ್ರ. ಅದಕ್ಕೆ ಗೋಕರ್ಣ ಸಾಕು.

ನನ್ನ ಲೆಕ್ಕ ಇಷ್ಟೇ: ಲಿಸ್ಬನ್‌ನಲ್ಲಿ 4 ರಾತ್ರಿ, ತೋಮಾರ್‌ನಲ್ಲಿ 2, ಪೋರ್ಟೊದಲ್ಲಿ 3. ವಿಮಾನದ ಟಿಕೆಟ್ಟನ್ನು ಲಿಸ್ಬನ್‌ಗೆ ಇಳಿದು ಪೋರ್ಟೊದಿಂದ ಹೊರಡುವ ಹಾಗೆ ತೆಗೆಸಿ. ಬಂದ ದಾರಿಯಲ್ಲೇ ವಾಪಸ್ ಹೋಗುವ ಒಂದು ದಿನ ಉಳಿಯುತ್ತದೆ. ತೋಮಾರ್ ನಿಮ್ಮ ಏಜೆಂಟರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದರ ಬಗ್ಗೆ ಆಮೇಲೆ ಜಾಸ್ತಿ ಹೇಳುತ್ತೇನೆ.

ಲಿಸ್ಬನ್‌ನಿಂದ ಶುರು ಮಾಡೋಣ. ಈ ಊರನ್ನು ಅರ್ಥ ಮಾಡಿಕೊಳ್ಳಲು ಒಂದು ತಾರೀಖು ಸಾಕು: 1755ರ ನವೆಂಬರ್ 1. ಅದು ಹಬ್ಬದ ದಿನ. ಜನ ಇಗರ್ಜಿಗಳಲ್ಲಿ ತುಂಬಿದ್ದರು. ಭೂಮಿ ನಡುಗಿತು, ಹಿಂದೆಯೇ ಸುನಾಮಿ ಬಂತು, ಉರುಳಿದ ಮೇಣದ ಬತ್ತಿಗಳಿಂದ ಊರಿಗೆ ಬೆಂಕಿ ಹತ್ತಿತು. ನದಿ ದಡದ ಬಾಯಿಶಾ ಬಡಾವಣೆಯ ನೇರ ಬೀದಿಗಳು ಆಮೇಲೆ ಮಂತ್ರಿ ಪೊಂಬಾಲ್ ಕಟ್ಟಿಸಿದವು. ಪಕ್ಕದ ಗುಡ್ಡದ ಅಲ್ಫಾಮಾದಲ್ಲಿ ಮಾತ್ರ ಹಳೆಯ ಅಂಕುಡೊಂಕು ಗಲ್ಲಿಗಳು ಉಳಿದಿವೆ. ಕಾರ್ಮೊ ಎಂಬ ಮಠದ ಮಾಳಿಗೆ ಬಿದ್ದದ್ದನ್ನು ಹಾಗೇ ಬಿಟ್ಟಿದ್ದಾರೆ. ಕಲ್ಲಿನ ಕಮಾನುಗಳ ಮೇಲೆ ಬರೀ ಆಕಾಶ. ನನಗೆ ಲಿಸ್ಬನ್‌ನಲ್ಲಿ ಅತಿ ಇಷ್ಟವಾದ ಜಾಗ ಅದೇ. ಅದರ ಮುಂದಿನ ಚೌಕದಲ್ಲಿ ಜಕರಂಡ ಮರಗಳಿವೆ. ಮೇ ಕೊನೆ ಹೊತ್ತಿಗೆ ನೇರಳೆ ಹೂ ಬಿಡಲು ಶುರುವಾಗುತ್ತದೆ. ಬೆಂಗಳೂರಲ್ಲಿ ಆ ಹೊತ್ತಿಗೆ ಮುಗಿದಿರುತ್ತದೆ, ಅಲ್ಲಿ ಇನ್ನೊಮ್ಮೆ ನೋಡಬಹುದು. 1974ರ ಏಪ್ರಿಲ್ 25ರಂದು ಪೋರ್ಚುಗಲ್‌ನ ಸರ್ವಾಧಿಕಾರ ಶರಣಾದದ್ದೂ ಇದೇ ಚೌಕದಲ್ಲಿ.

ಅಲ್ಲಿಗೆ ಹತ್ತುವುದು ಹೇಗೆ? ಎಲ್ಲರೂ ಸಾಂತಾ ಜುಸ್ತಾ ಎಂಬ ಹಳೆಯ ಕಬ್ಬಿಣದ ಲಿಫ್ಟ್ ಮುಂದೆ ಗಂಟೆಗಟ್ಟಲೆ ಸಾಲಾಗಿ ನಿಲ್ಲುತ್ತಾರೆ. ನೀವು ನಿಲ್ಲಬೇಡಿ. ಬಾಯಿಶಾ-ಶಿಯಾದೊ ಮೆಟ್ರೊ ನಿಲ್ದಾಣದ ಒಂದು ಬಾಗಿಲು ಕೆಳಗಿನ ಬೀದಿಯಲ್ಲಿದೆ, ಇನ್ನೊಂದು ಗುಡ್ಡದ ಮೇಲೆ. ನಡುವೆ ಎಸ್ಕಲೇಟರ್. ಅತ್ತೆಯವರನ್ನು ಕರೆದುಕೊಂಡು ಆ ಕಡೆಯಿಂದ ಹತ್ತಿಬಿಡಿ. ಲಿಸ್ಬನ್ ಏಳು ಗುಡ್ಡಗಳ ಊರು ಎಂದು ಅಲ್ಲಿನವರೇ ಹೇಳಿಕೊಳ್ಳುತ್ತಾರೆ. ಆದ್ದರಿಂದ ಇಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ: ಮೇಲಕ್ಕೆ ವಾಹನ, ಕೆಳಕ್ಕೆ ಕಾಲು. ಪೋರ್ತಾಸ್ ದೊ ಸೋಲ್ ಎಂಬ ನೋಟದ ಕಟ್ಟೆವರೆಗೆ ಟ್ಯಾಕ್ಸಿ ಮಾಡಿ. ಅಲ್ಲಿಂದ ಅಲ್ಫಾಮಾದೊಳಗೆ ನಿಧಾನ ಇಳಿಯಿರಿ. ಕಾಲುದಾರಿಗೆ ಹಾಸಿರುವ ಸಣ್ಣ ಬಿಳಿ ಕಲ್ಲುಗಳು ಜನ ನಡೆದು ನಡೆದು ಪಾಲಿಶ್ ಆಗಿವೆ, ಮಳೆ ಬಿದ್ದರೆ ಜಾರುತ್ತವೆ. ಹಿಡಿತ ಇರುವ ಶೂ ಬೇಕೇ ಬೇಕು, ಚಪ್ಪಲಿ ಬೇಡ.

28ನೇ ನಂಬರಿನ ಹಳದಿ ಟ್ರಾಮ್ ಬಗ್ಗೆ ಕೇಳೇ ಇರುತ್ತೀರಿ. ಚೆಂದವೇ. ಆದರೆ ಹಗಲು ಹೊತ್ತಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಜೇಬುಗಳ್ಳರಿಗೆ ಅದು ಹಬ್ಬ. ಹತ್ತಲೇಬೇಕು ಅಂದರೆ ಬೆಳಗ್ಗೆ ಎಂಟರೊಳಗೆ ಹತ್ತಿ.

ಸಾಂವ್ ಜಾರ್ಜ್ ಕೋಟೆ ಬಗ್ಗೆ ಎರಡು ಮಾತು. ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ, ಎಲ್ಲ ಪಟ್ಟಿಯಲ್ಲೂ ಮೊದಲು ಇರುತ್ತದೆ. ಈಗ ಕಾಣುವ ಗೋಡೆ ಬುರುಜುಗಳಲ್ಲಿ ಬಹಳಷ್ಟು 1938ರಿಂದ 40ರ ನಡುವೆ ಮತ್ತೆ ಕಟ್ಟಿದ್ದು. ಚಿತ್ರದುರ್ಗ ನೋಡಿದ ಕಣ್ಣಿಗೆ ಇದು ಸ್ವಲ್ಪ ನಾಟಕದ ಸೆಟ್ಟಿನಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅಲ್ಲಿಂದ ಕಾಣುವ ನೋಟಕ್ಕಾಗಿ ಹೋಗಿ, ಕೋಟೆಗಾಗಿ ಅಲ್ಲ. 737ನೇ ಬಸ್ಸು ಬಾಗಿಲ ಹತ್ತಿರಕ್ಕೇ ಬಿಡುತ್ತದೆ.

ಇನ್ನು ಲಿಸ್ಬನ್‌ನದೇ ಬೆಲೆಮ್ ಬಡಾವಣೆ. ಇಲ್ಲಿ ಮಾತ್ರ ಅವಸರ ಮಾಡಬೇಡಿ, ಯಾಕೆಂದರೆ ಇಲ್ಲಿ ನಮ್ಮ ಕರಾವಳಿಯ ಲೆಕ್ಕವೂ ಇದೆ. ಜೆರೋನಿಮೋಸ್ ಮಠವನ್ನು ಕಟ್ಟಲು ಶುರು ಮಾಡಿದ್ದು 16ನೇ ಶತಮಾನದ ಮೊದಲ ವರ್ಷಗಳಲ್ಲಿ, ರಾಜ ಮ್ಯಾನುವೆಲ್ ಕಾಲದಲ್ಲಿ. ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆಯಿಂದ. ಆ ವ್ಯಾಪಾರದ ದೊಡ್ಡ ಸರಕು ಕರಿಮೆಣಸು. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಗೊತ್ತಲ್ಲ? ಅವರಿಗೆ ಮೆಣಸೆಂದರೆ ಏನಾಗಿತ್ತು ಎಂದು ಈ ಕಟ್ಟಡ ನೋಡಿದರೆ ತಿಳಿಯುತ್ತದೆ. ಕಂಬಗಳಲ್ಲಿ ಹಗ್ಗದ ಗಂಟು, ಹವಳ, ಗೋಳ, ಬಳ್ಳಿ ಎಲ್ಲ ಕೆತ್ತಿದ್ದಾರೆ.

ಇಗರ್ಜಿಯೊಳಗೆ ಹೋದ ಕೂಡಲೇ ವಾಸ್ಕೊ ಡ ಗಾಮಾನ ಸಮಾಧಿ. ಆತ ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ. ಮೊದಲು ಅಲ್ಲೇ ಹೂತಿದ್ದರು, ಆಮೇಲೆ ಇಲ್ಲಿಗೆ ತಂದರು. ಎಲ್ಲರೂ ಅಲ್ಲಿ ಫೋಟೊ ತೆಗೆದು ಹೊರಡುತ್ತಾರೆ. ನೀವು ಮುಂದೆ ಗರ್ಭಗುಡಿಯಂಥ ಜಾಗದವರೆಗೆ ನಡೆಯಿರಿ. ರಾಜರ ಶವಪೆಟ್ಟಿಗೆಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಮೈಸೂರಿನವರಾದ ನೀವು ಆ ಆನೆಗಳನ್ನು ನೋಡಿ ನಗುತ್ತೀರೋ ಇಲ್ಲವೋ ನನಗೆ ಬರೆದು ತಿಳಿಸಿ. ಕೆತ್ತಿದವರು ಆನೆಯನ್ನು ಎಷ್ಟು ಸಲ ನೋಡಿದ್ದರೋ!

ಬೆಲೆಮ್ ಗೋಪುರ ಹತ್ತುವುದು ಬೇಡ. ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಸಾಲು ಉದ್ದ. ಹೊರಗಿನಿಂದ ಸುತ್ತ ನೋಡಿದರೆ ಒಂದು ಕಾವಲು ಗೂಡಿನ ಬುಡದಲ್ಲಿ ಖಡ್ಗಮೃಗದ ತಲೆ ಕೆತ್ತಿರುವುದು ಕಾಣುತ್ತದೆ, ಉಪ್ಪುಗಾಳಿಗೆ ಸವೆದಿದೆ. ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗವೊಂದನ್ನು 1515ರಲ್ಲಿ ಹಡಗಿನಲ್ಲಿ ಇಲ್ಲಿಗೆ ಕಳಿಸಿದ್ದರು. ಕಳಿಸಿದವನು ಅಲ್ಬುಕರ್ಕ್. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವು ಪಡೆದು ಗೋವಾ ಹಿಡಿದವನು ಅವನೇ. ಅವನ ಪ್ರತಿಮೆ ಪಕ್ಕದ ತೋಟದಲ್ಲಿ ಎತ್ತರದ ಕಂಬದ ಮೇಲಿದೆ. ಮಠಕ್ಕೆ ಸೋಮವಾರ ರಜೆ, ನೆನಪಿರಲಿ.

ಸಿಂಟ್ರಾಗೆ ಅರ್ಧ ದಿನ ಅಂದರೆ ಅದು ಸುಮ್ನೆ ಟಿಕ್ ಹಾಕುವ ಕೆಲಸ. ಇಡೀ ದಿನ ಕೊಡಿ, ಆದರೆ ಎರಡೇ ಅರಮನೆ ನೋಡಿ. ಲಿಸ್ಬನ್‌ನ ರೋಸಿಯೊ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ. ಬೆಟ್ಟದ ತುದಿಯ ಪೆನಾ ಅರಮನೆ ನೀವು ಫೋಟೊಗಳಲ್ಲಿ ನೋಡಿರುವ ಕೆಂಪು-ಹಳದಿ ಕಟ್ಟಡ. ಇದನ್ನು ಕೋಟೆ ಎಂದು ಮಾರುತ್ತಾರೆ, ಆದರೆ ಯಾವ ಯುದ್ಧವನ್ನೂ ಅದು ಕಂಡಿಲ್ಲ. ರಾಣಿ ಎರಡನೇ ಮರಿಯಾಳ ಗಂಡ ಫರ್ಡಿನಾಂಡ್ 1838ರಲ್ಲಿ ಪಾಳು ಬಿದ್ದಿದ್ದ ಒಂದು ಮಠವನ್ನು ಕೊಂಡು, ಪಕ್ಕದಲ್ಲಿ ತನ್ನ ಕನಸಿನ ಅರಮನೆ ಸೇರಿಸಿದ. ಕೆಂಪು ಭಾಗ ಹಳೆಯ ಮಠ, ಹಳದಿ ಭಾಗ ಅವನದು. ಟಿಕೆಟ್‌ನಲ್ಲಿ ಒಳಗೆ ಹೋಗುವ ಗಂಟೆ ನಮೂದಾಗಿರುತ್ತದೆ, ತಪ್ಪಿದರೆ ಬಿಡುವುದಿಲ್ಲ. ತೋಟದ ಗೇಟಿನಿಂದ ಅರಮನೆಗೆ ಏರು ದಾರಿ ಇದೆ, ಸಣ್ಣ ಬಸ್ಸೂ ಇದೆ. ಬಸ್ಸಿನ ಟಿಕೆಟ್ಟನ್ನೂ ತೆಗೆದುಕೊಳ್ಳಿ.

ಅತ್ತೆಗೆ ಪೆನಾ ಬೇಡ ಅನ್ನಿಸಿದರೆ ಊರ ನಡುವಿನ ರಾಷ್ಟ್ರೀಯ ಅರಮನೆ ಇದೆ. ನಿಜ ಹೇಳಬೇಕೆಂದರೆ ನನಗೆ ಪೆನಾಗಿಂತ ಇದೇ ಇಷ್ಟ. ಹೊರಗೆ ಎರಡು ದೊಡ್ಡ ಬಿಳಿ ಶಂಕುಗಳು ಕಾಣುತ್ತವೆ. ದೇವಸ್ಥಾನದ ಗೋಪುರ ಇರಬೇಕು ಅಂದುಕೊಂಡರೆ ಅವು ಅಡುಗೆಮನೆಯ ಚಿಮಣಿಗಳು, 33 ಮೀಟರ್ ಎತ್ತರ! ಒಳಗೆ ನಿಂತು ಮೇಲೆ ನೋಡಿದರೆ ಎಷ್ಟು ಸಾವಿರ ಜನರ ಊಟ ಬೆಂದಿರಬೇಕು ಅನ್ನಿಸುತ್ತದೆ. ಎರಡನೇ ಅರಮನೆಯಾಗಿ ಮೊನ್ಸೆರಾತ್ ಆರಿಸಿಕೊಳ್ಳಿ. 19ನೇ ಶತಮಾನದಲ್ಲಿ ಒಬ್ಬ ಶ್ರೀಮಂತ ಇಂಗ್ಲಿಷ್ ಬಟ್ಟೆ ವ್ಯಾಪಾರಿ ಕಟ್ಟಿಸಿದ್ದು. ಜಾಲಂಧ್ರದ ಕೆತ್ತನೆಗಳಲ್ಲಿ ಭಾರತದ ಗುರುತು ಇದೆ, ಜನ ಕಡಿಮೆ. ರೆಗಲೈರಾ ತೋಟದ 27 ಮೀಟರ್ ಆಳದ ಸುರುಳಿ ಬಾವಿ ನಿಮಗಿಬ್ಬರಿಗೆ ಸರಿ, ಮೊಣಕಾಲಿಗೆ ಅಲ್ಲ. ಇನ್ನು ಯುರೋಪ್ ಭೂಖಂಡದ ಪಶ್ಚಿಮದ ತುದಿಯಾದ ಕಾಬೊ ದ ರೋಕಾ. ಸಿಂಟ್ರಾದಿಂದ ಬಸ್ಸಿದೆ. ಮಂಜಿಲ್ಲದಿದ್ದರೆ ಸಂಜೆ ಹೋಗಿ, ಜಾಕೆಟ್ ಬೇಕು.

ಈಗ ತೋಮಾರ್. ಲಿಸ್ಬನ್‌ನಿಂದ ರೈಲಿನಲ್ಲಿ ಎರಡು ಗಂಟೆ. ಸಣ್ಣ ಊರು, ನಡುವೆ ನದಿ, ಸಂಜೆ ಚೌಕದಲ್ಲಿ ಮಕ್ಕಳು ಚೆಂಡಾಡುತ್ತಾರೆ. ಮೇಲೆ ಗುಡ್ಡದಲ್ಲಿ ಕೋಟೆ. ಪೋರ್ಚುಗಲ್‌ನಲ್ಲಿ ಒಂದೇ ಒಂದು ಕೋಟೆ ನೋಡಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ.

1160ರಲ್ಲಿ ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಮುಖ್ಯಸ್ಥ ಗುವಾಲ್ದಿಂ ಪಾಯಿಸ್ ಇದನ್ನು ಶುರು ಮಾಡಿದ. ಗೋಡೆಯ ಬುಡ ನೆಟ್ಟಗಿಲ್ಲ, ಹೊರಕ್ಕೆ ಇಳಿಜಾರಾಗಿದೆ. ಅಡಿಯಲ್ಲಿ ಸುರಂಗ ತೋಡುವವರಿಗೆ, ಏಣಿ ಇಡುವವರಿಗೆ ಸುಲಭವಾಗಬಾರದು ಎಂದು. 1190ರಲ್ಲಿ ಮೊರಾಕ್ಕೊ ಕಡೆಯಿಂದ ಬಂದ ದೊಡ್ಡ ಸೈನ್ಯ ಮುತ್ತಿಗೆ ಹಾಕಿತು, ಕೋಟೆ ಬೀಳಲಿಲ್ಲ. ಒಳಗಿನ ಇಗರ್ಜಿ ದುಂಡಗಿದೆ. ಹೊರಗಿನಿಂದ 16 ಮುಖ, ನಡುವಿನ ಮಂಟಪಕ್ಕೆ 8. ಯೋಧರು ಕುದುರೆ ಮೇಲೆ ಕೂತೇ ಪ್ರಾರ್ಥನೆ ಕೇಳುತ್ತಿದ್ದರು, ಅದಕ್ಕೇ ದುಂಡಗೆ ಕಟ್ಟಿದ್ದು ಎಂಬ ಕಥೆ ಇದೆ. ಕಥೆಯೇ, ಆದರೆ ಮಂಟಪದ ಸುತ್ತ ನಡೆದರೆ ನಂಬಬೇಕು ಅನ್ನಿಸುತ್ತದೆ.

ಆಮೇಲಿನ ಸಂಗತಿ ಇನ್ನೂ ಸ್ವಾರಸ್ಯ. 1312ರಲ್ಲಿ ಪೋಪ್ ಈ ಪಂಥವನ್ನೇ ಮುಚ್ಚಿದ. ಆಸ್ತಿ ಬೇರೆಯವರ ಪಾಲಾಗಬೇಕಿತ್ತು. ಪೋರ್ಚುಗಲ್‌ನ ರಾಜ ದಿನಿಸ್ ಜಾಣ. 1319ರಲ್ಲಿ ‘ಕ್ರಿಸ್ತನ ಪಂಥ’ ಎಂಬ ಹೊಸ ಹೆಸರಿಗೆ ಒಪ್ಪಿಗೆ ತಂದು ಹಳೆಯ ಆಸ್ತಿಯನ್ನೆಲ್ಲ ಅದರ ಹೆಸರಿಗೆ ಮಾಡಿಸಿದ. ನೂರು ವರ್ಷದ ನಂತರ ಈ ಪಂಥದ ಆಡಳಿತ ರಾಜಕುಮಾರ ಹೆನ್ರಿಯ ಕೈಗೆ ಬಂತು. ಆಫ್ರಿಕಾ ಕರಾವಳಿಗೆ ಅವನು ಹಡಗು ಕಳಿಸಿದ್ದು ಈ ಹಣದಿಂದಲೂ ಹೌದು. ಕಲ್ಲಿಕೋಟೆಗೆ ಬಂದ ಹಡಗುಗಳ ಹಾಯಿಯ ಮೇಲಿನ ಕೆಂಪು ಶಿಲುಬೆ ಇದೇ ಪಂಥದ ಗುರುತು. ಹಡಗಿನ ಹಗ್ಗ, ಹವಳ, ಸರಪಳಿ ಎಲ್ಲ ಸುತ್ತಿಕೊಂಡ ಒಂದು ಕಲ್ಲಿನ ಕಿಟಕಿ ಇಲ್ಲಿದೆ. ಅದರ ಮುಂದೆ ನಾನು ಪ್ರತಿ ಸಲವೂ ಕನಿಷ್ಠ ಅರ್ಧ ಗಂಟೆ ನಿಲ್ಲುತ್ತೇನೆ. ಅಲ್ಲೇ ಎದುರಿಗೆ ಕೂರಲು ಜಾಗ ಇದೆ, ಅತ್ತೆ ಕೂರಬಹುದು. ಊರಿನಿಂದ ಮೇಲಕ್ಕೆ ಟ್ಯಾಕ್ಸಿ ಮಾಡಿ.

ತೋಮಾರ್‌ನ ಎರಡನೇ ದಿನ ಚಾಲಕನಿರುವ ಕಾರು ಗೊತ್ತು ಮಾಡಿ. ಈ ಪ್ರವಾಸದಲ್ಲಿ ಕಾರು ಬೇಕಾಗುವುದು ಇದೊಂದೇ ದಿನ. ಬೆಳಗ್ಗೆ ಅಲ್ಮೊರೋಲ್: ತೇಜೊ ನದಿಯ ನಡುವೆ ಬಂಡೆಯ ದ್ವೀಪ, ಅದರ ಮೇಲೆ 1171ರ ಪುಟ್ಟ ಕೋಟೆ. ದೋಣಿಯಲ್ಲಿ ಹೋಗಬೇಕು. ಹತ್ತಲಾಗದಿದ್ದರೆ ದಡದಿಂದ ನೋಡಿದರೂ ಸಾಕು, ನಿಜವಾಗಿ ದಡದಿಂದಲೇ ಚೆಂದ. ಮಧ್ಯಾಹ್ನ ಬಟಾಲಿಯಾ ಮಠ. 1385ರ ಯುದ್ಧದಲ್ಲಿ ಸ್ಪೇನಿನ ಕ್ಯಾಸ್ಟೀಲ್ ರಾಜನನ್ನು ಸೋಲಿಸಿದ ಹರಕೆಗೆ ಕಟ್ಟಿದ್ದು. ಹಿಂದುಗಡೆಯ ಕೆಲವು ಗುಡಿಗಳಿಗೆ ಇವತ್ತಿಗೂ ಮಾಳಿಗೆ ಇಲ್ಲ, ಕೆಲಸ ಅರ್ಧಕ್ಕೇ ನಿಂತಿತು. ನಮ್ಮ ಹಳೇಬೀಡಿನ ಗೋಡೆಗಳ ಮುಂದೆ ನಿಂತವರಿಗೆ ಆ ಕೆತ್ತನೆಯ ಹಟ ಪರಿಚಿತವೇ ಅನ್ನಿಸುತ್ತದೆ. ಫಾತಿಮಾ ಅದೇ ದಾರಿಯಲ್ಲಿದೆ. ಭಕ್ತರಿಗೆ ದೊಡ್ಡ ಕ್ಷೇತ್ರ, ಆದರೆ ನೋಟಕ್ಕಾಗಿ ಹೋಗುವವರಿಗೆ ಹೆಚ್ಚೇನೂ ಇಲ್ಲ.

ಕೊಯಿಂಬ್ರಾ ಬಿಟ್ಟದ್ದಕ್ಕೆ ನಿಮ್ಮ ಯಜಮಾನರು ಬೈಯಬಹುದು. 1290ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಅಲ್ಲಿನ ಹಳೆಯ ಗ್ರಂಥಾಲಯದಲ್ಲಿ ಬಾವಲಿಗಳಿವೆ. ರಾತ್ರಿ ಅವು ಪುಸ್ತಕ ತಿನ್ನುವ ಹುಳುಗಳನ್ನು ಹಿಡಿಯುತ್ತವೆ, ಹಿಕ್ಕೆ ಬೀಳದಿರಲೆಂದು ಸಿಬ್ಬಂದಿ ಮೇಜುಗಳಿಗೆ ಚರ್ಮದ ಹೊದಿಕೆ ಹಾಕಿ ಹೋಗುತ್ತಾರೆ. ಆದರೆ ಊರು ಪೂರಾ ಏರು. ನಿಮಗೆ ಇಬ್ಬರಿಗಷ್ಟೇ ಆಗಿದ್ದರೆ ಹೋಗಿ ಅನ್ನುತ್ತಿದ್ದೆ.

ಪೋರ್ಟೊದಲ್ಲಿ ಎರಡು ಸೇತುವೆಗಳ ಕಥೆ ಎಲ್ಲರೂ ಕಲಸಿ ಹೇಳುತ್ತಾರೆ. ಊರ ನಡುವಿನ ಎರಡು ಅಂತಸ್ತಿನ ಲೂಯಿಸ್ ಸೇತುವೆ (1886) ಐಫೆಲ್ ಕಟ್ಟಿದ್ದಲ್ಲ, ಅವನ ಹಳೆಯ ಪಾಲುದಾರ ಸೆಯ್ರಿಗ್‌ನ ವಿನ್ಯಾಸ. ಐಫೆಲ್‌ನದು ಸ್ವಲ್ಪ ಮೇಲಿನ ಮರಿಯಾ ಪಿಯಾ ರೈಲು ಸೇತುವೆ, 1877ರದ್ದು. ಲೂಯಿಸ್ ಸೇತುವೆಯ ಮೇಲಂತಸ್ತಿನಲ್ಲಿ ಮೆಟ್ರೊ ಓಡುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಮೆಟ್ರೊ ಹತ್ತಿ ಆ ದಡದ ಜಾರ್ದಿಂ ದೊ ಮೊರೊ ನಿಲ್ದಾಣದಲ್ಲಿ ಇಳಿಯಿರಿ. ಹುಲ್ಲಿನ ಮೇಲೆ ಕೂತರೆ ಇಡೀ ಊರು ಎದುರಿಗೆ. ಮೇ ಕೊನೆಯಲ್ಲಿ ಬೆಳಕು ರಾತ್ರಿ ಒಂಬತ್ತರವರೆಗೂ ಇರುತ್ತದೆ. ಸಾಂವ್ ಬೆಂತೊ ರೈಲು ನಿಲ್ದಾಣದ ಒಳಗೋಡೆಗಳಲ್ಲಿ ಸುಮಾರು 20 ಸಾವಿರ ನೀಲಿ ಹೆಂಚುಗಳ ಚಿತ್ರಗಳಿವೆ. ಟಿಕೆಟ್ ಬೇಕಿಲ್ಲ.

ಅದೇ ನಿಲ್ದಾಣದಿಂದ ಒಂದು ದಿನ ಪಿನ್ಯಾಂವ್‌ಗೆ ರೈಲು ಹಿಡಿಯಿರಿ. ಎರಡೂವರೆ ಗಂಟೆ. ನಿಸರ್ಗ ಎಂದು ಕೇಳಿದಿರಲ್ಲ, ಉತ್ತರ ಇದು. ಮೊದಲ ಒಂದು ಗಂಟೆ ಏನೂ ಇಲ್ಲ, ಆಮೇಲೆ ಹಳಿ ದೋರೊ ನದಿಯ ಅಂಚಿಗೆ ಬರುತ್ತದೆ, ನೀರಿಗೆ ತಾಗಿಕೊಂಡೇ ಓಡುತ್ತದೆ. ಎರಡೂ ದಡದ ಬೆಟ್ಟಗಳಲ್ಲಿ ಬುಡದಿಂದ ತುದಿವರೆಗೆ ದ್ರಾಕ್ಷಿಯ ಮೆಟ್ಟಿಲು ತೋಟಗಳು. ಕಲ್ಲು ಒಡೆದು ಕೈಯಲ್ಲಿ ಕಟ್ಟಿದ ಗೋಡೆಗಳು. ಲಿಸ್ಬನ್ ಮತ್ತೆ ಕಟ್ಟಿಸಿದ ಆ ಪೊಂಬಾಲನೇ 1756ರಲ್ಲಿ ಇಲ್ಲಿನ ವೈನ್ ಪ್ರದೇಶಕ್ಕೆ ಗಡಿ ಕಲ್ಲು ನೆಡಿಸಿದವನು. ಹೋಗುವಾಗ ಬಲಗಡೆ ಕಿಟಕಿ, ಬರುವಾಗ ಎಡಗಡೆ. ಪಿನ್ಯಾಂವ್‌ನಲ್ಲಿ ಒಂದು ಗಂಟೆಯ ದೋಣಿ ಸವಾರಿ ಮಾಡಿ. ವೈನ್ ಕುಡಿಯದವರಿಗೂ ಅದು ಒಳ್ಳೆಯ ದಿನ.

ಇನ್ನೊಂದು ದಿನ ಗಿಮರಾಯಿಸ್, ರೈಲಿನಲ್ಲಿ ಒಂದೂಕಾಲು ಗಂಟೆ. ಇಲ್ಲಿನ ಕೋಟೆಗೆ 10ನೇ ಶತಮಾನದಲ್ಲಿ ಬುನಾದಿ ಹಾಕಿಸಿದ್ದು ಮುಮಾದೋನಾ ದಿಯಾಸ್ ಎಂಬ ಹೆಂಗಸು. 1128ರಲ್ಲಿ ಈ ಊರ ಹತ್ತಿರವೇ ಅಫೋನ್ಸೊ ಎನ್ರಿಕೆಸ್ ತನ್ನ ತಾಯಿಯ ಸೈನ್ಯವನ್ನು ಸೋಲಿಸಿದ, ಆಮೇಲೆ ಪೋರ್ಚುಗಲ್‌ನ ಮೊದಲ ರಾಜನಾದ. ಹಾಗಾಗಿ ಊರ ಗೋಡೆಯ ಮೇಲೆ ‘ಪೋರ್ಚುಗಲ್ ಹುಟ್ಟಿದ್ದು ಇಲ್ಲಿ’ ಎಂದು ದೊಡ್ಡದಾಗಿ ಬರೆದಿದ್ದಾರೆ. ಕೋಟೆ ಚಿಕ್ಕದು, ಒಂದು ಗಂಟೆ ಸಾಕು. ಕೆಳಗಿನ ಹಳೆಯ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂರುವುದೇ ಹೆಚ್ಚು ಸುಖ.

ಊಟದ ವಿಷಯ. ಮೀನು ಮಾಂಸದ ದೇಶ, ಆದರೆ ಉಪವಾಸ ಬೀಳುವುದಿಲ್ಲ. ‘ಸೆಂ ಕಾರ್ನೆ, ಸೆಂ ಪೈಶೆ’ ಅಂದರೆ ಮಾಂಸ ಬೇಡ, ಮೀನು ಬೇಡ. ಬಾಯಿಪಾಠ ಮಾಡಿ. ‘ಕಾಲ್ದೊ ವೆರ್ದೆ’ ಎಂಬ ಸೊಪ್ಪಿನ ಸೂಪಿನಲ್ಲಿ ಸಾಸೇಜಿನ ತುಂಡು ಹಾಕುತ್ತಾರೆ, ಕೇಳದೆ ತಿನ್ನಬೇಡಿ. ಅಂಗಡಿಯಲ್ಲಿ ‘ಶಮೂಸಾ’ ಕಂಡರೆ ನಮ್ಮ ಸಮೋಸವೇ, ಆದರೆ ಒಳಗೆ ಸಾಮಾನ್ಯವಾಗಿ ಮಾಂಸ. ಹೆಸರಾದ ನಾತಾ ಸಿಹಿಯಲ್ಲಿ ಮೊಟ್ಟೆಯ ಹಳದಿ ಇದೆ, ಅದು ನಿಮ್ಮೊಬ್ಬರ ಪಾಲು. ಕೂತ ತಕ್ಷಣ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಲಿಸ್ಬನ್‌ನ ಲೂಮಿಯಾರ್ ಬಡಾವಣೆಯಲ್ಲಿ ರಾಧಾಕೃಷ್ಣ ದೇವಸ್ಥಾನವಿದೆ, ಅಲ್ಲಿನ ಕ್ಯಾಂಟೀನಿನಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಮಾರ್ತಿಂ ಮೊನಿಜ್ ಮೆಟ್ರೊ ಸುತ್ತಮುತ್ತ ಭಾರತ, ನೇಪಾಳ, ಬಾಂಗ್ಲಾದವರ ಅಂಗಡಿಗಳು. ಅಕ್ಕಿ, ಬೇಳೆ, ಮೊಸರು ಎಲ್ಲ ಇದೆ. ಅಡುಗೆಮನೆ ಇರುವ ರೂಮು ಹಿಡಿದರೆ ಅನ್ನ-ಸಾರಿಗೆ ಅಡ್ಡಿಯಿಲ್ಲ.

ಎವೊರಾ ಮತ್ತು ಲಾಗೋಸ್ ಇನ್ನೊಮ್ಮೆ ಹೋದಾಗ ನೋಡಿ. ಎರಡು ದಿನ ಹೆಚ್ಚು ಸಿಕ್ಕರೆ ಎವೊರಾ ಸೇರಿಸಿ. ರೋಮನ್ ದೇವಾಲಯದ ಕಂಬಗಳಿವೆ, ಮನುಷ್ಯರ ಮೂಳೆಗಳಿಂದಲೇ ಗೋಡೆ ಹೊದಿಸಿದ ಗುಡಿಯೂ ಇದೆ. ಬಾಗಿಲ ಮೇಲೆ ‘ಇಲ್ಲಿರುವ ಮೂಳೆಗಳಾದ ನಾವು ನಿಮ್ಮವುಗಳಿಗೆ ಕಾಯುತ್ತಿದ್ದೇವೆ’ ಎಂದು ಬರೆದಿದೆ. ಅತ್ತೆಯವರನ್ನು ಕೇಳಿಯೇ ಕರೆದುಕೊಂಡು ಹೋಗಿ.

ಕೊನೆಗೆ ಕಾಗದ ಪತ್ರ. ಷೆಂಗೆನ್ ವೀಸಾಗೆ ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಎಲ್ಲರೂ ಮುಗಿಬೀಳುತ್ತಾರೆ, ಫೆಬ್ರವರಿಯಲ್ಲೇ ದಿನ ಗೊತ್ತು ಮಾಡಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪೆನಾ ಮತ್ತು ಜೆರೋನಿಮೋಸ್ ಟಿಕೆಟ್ಟುಗಳನ್ನು ಇಲ್ಲಿಂದಲೇ ಆನ್‌ಲೈನಿನಲ್ಲಿ ತೆಗೆಯಿರಿ. ರೈಲಿನಲ್ಲಿ 65 ದಾಟಿದವರಿಗೆ ಅರ್ಧ ದರ, ಆದರೆ ವಯಸ್ಸಿನ ಗುರುತು ತೋರಿಸಬೇಕು. ಅತ್ತೆಯವರ ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೊರಡಬೇಡಿ.

ಮತ್ತೆ, ಪಿನ್ಯಾಂವ್ ರೈಲಿನಲ್ಲಿ ಸೀಟಿಗೆ ನಂಬರು ಇರುವುದಿಲ್ಲ. ಬಲಗಡೆ ಕಿಟಕಿ ಬೇಕೆಂದರೆ ಅರ್ಧ ಗಂಟೆ ಮುಂಚೆ ನಿಲ್ದಾಣಕ್ಕೆ ಹೋಗಿ. ಗೋಡೆಯ ಚಿತ್ರಗಳನ್ನು ನೋಡುತ್ತಾ ನಿಂತರೆ ಕಾಯುವುದು ಗೊತ್ತೇ ಆಗುವುದಿಲ್ಲ, ಪ್ಲಾಟ್‌ಫಾರ್ಮ್ ಕಡೆ ಮಾತ್ರ ಒಂದು ಕಣ್ಣಿರಲಿ.